ಓದುಗರ ಪ್ರಶ್ನೆ, ನಮ್ಮ ಉತ್ತರ: ಸ್ವಿಫ್ಟ್ ಕೋಡ್ ಸರಿ ಇದ್ದರೆ ಸಾಕಾ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಬೇರೆ ದೇಶಕ್ಕೆ ಹಣ ಕಳಿಸಬೇಕು, ಇಲ್ಲವೇ ಅಲ್ಲಿಂದ ಬರಬೇಕು. ಫಾರಂನಲ್ಲಿ ‘ಸ್ವಿಫ್ಟ್ ಕೋಡ್’ ಅಂತ, ಹಣ ಯಾವ ಬ್ಯಾಂಕಿಗೆ ಹೋಗಬೇಕು ಅಂತ ತೋರಿಸುವ ಒಂದು ಕೋಡ್ ಕೇಳುತ್ತಾರೆ. ಅದೇನು, ತಪ್ಪಾದರೆ ಏನಾಗುತ್ತದೆ ಅಂತ ಎಲ್ಲರ ಚಿಂತೆ. ನನ್ನ ಕೆಲಸದ ಬಹುಪಾಲು ವರ್ಷಗಳು ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲೇ ಕಳೆದಿವೆ. ಬೆಳಿಗ್ಗೆ ಹೋದ ಕೂಡಲೇ ವಾಪಸ್ ಬಂದ ಪಾವತಿಗಳ ಪಟ್ಟಿ ಮೇಜಿನ ಮೇಲೆ ಇರುತ್ತಿತ್ತು. ಅದರಲ್ಲಿ ಒಬ್ಬರ ಕಾಲೇಜು ಫೀ ಇರುತ್ತಿತ್ತು, ಇನ್ನೊಬ್ಬರ ಆಸ್ಪತ್ರೆ ಬಿಲ್ಲು ಇರುತ್ತಿತ್ತು. ಆ ಪಟ್ಟಿಯಲ್ಲಿ ನಿಮ್ಮ ಹೆಸರು ಬರಬಾರದು ಅಂತಲೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಪ್ರಶ್ನೆ: ಮೇಡಂ, ಮಗಳ ಕಾಲೇಜಿನ ಫೀ ಜರ್ಮನಿಗೆ ಕಳಿಸಬೇಕು. ಕಾಲೇಜಿನವರ ಕಾಗದದಲ್ಲಿ ‘ಬಿಐಸಿ’ ಅಂತ ಇದೆ. ನಮ್ಮ ಬ್ಯಾಂಕಿನ ಫಾರಂನಲ್ಲಿ ‘ಸ್ವಿಫ್ಟ್ ಕೋಡ್’ ಅಂತ ಇದೆ. ಎರಡೂ ಒಂದೇನಾ? ಜೊತೆಗೆ ‘ಐಬಾನ್’ ಅಂತ ಒಂದು ಉದ್ದದ ನಂಬರ್ ಬೇರೆ ಕೊಟ್ಟಿದ್ದಾರೆ. ಯಾವುದನ್ನು ಎಲ್ಲಿ ಬರೆಯಲಿ?

ಉತ್ತರ: ಬಿಐಸಿ ಮತ್ತು ಸ್ವಿಫ್ಟ್ ಕೋಡ್ ಎರಡೂ ಒಂದೇ. ಕಾಲೇಜು ಕೊಟ್ಟ ಬಿಐಸಿಯನ್ನು ಸ್ವಿಫ್ಟ್ ಕೋಡಿನ ಜಾಗದಲ್ಲಿ ಧೈರ್ಯವಾಗಿ ಬರೆಯಿರಿ. ಐಬಾನ್ ಬೇರೆ, ಅದು ಅಂತರರಾಷ್ಟ್ರೀಯ ಖಾತೆ ಸಂಖ್ಯೆ, ಖಾತೆ ಸಂಖ್ಯೆಯ ಜಾಗಕ್ಕೆ ಹೋಗುತ್ತದೆ.

ಬರೆಯುವ ಮೊದಲು ಆ ಕೋಡನ್ನು ಒಮ್ಮೆ ಬಿಡಿಸಿ ಓದಿ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಡಾಯ್ಚ ಬ್ಯಾಂಕಿನ ಕೋಡನ್ನೇ ನೋಡೋಣ: ಡಿಇಯುಟಿ-ಡಿಇ-ಎಫ್‌ಎಫ್. ನಡುವಿನ ಗೆರೆಗಳು ಓದಲು ಸುಲಭವಾಗಲಿ ಅಂತ ನಾನು ಹಾಕಿದ್ದು. ಮೊದಲ ನಾಲ್ಕು ಅಕ್ಷರ ಬ್ಯಾಂಕಿನದು. ಐದನೆಯದು ಮತ್ತು ಆರನೆಯದು ದೇಶದ್ದು, ಇಲ್ಲಿ ಡಿಇ ಅಂದರೆ ಜರ್ಮನಿ. ಏಳು ಮತ್ತು ಎಂಟು ಸ್ಥಳದ್ದು, ಎಫ್‌ಎಫ್ ಅಂದರೆ ಫ್ರಾಂಕ್‌ಫರ್ಟ್. ಇದಾದ ಮೇಲೆ ಇನ್ನೂ ಮೂರು ಅಕ್ಷರ ಇದ್ದರೆ ಅದು ಶಾಖೆಯದು. ಐಎಸ್‌ಒ 9362 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಹೇಳುವುದು ಇಷ್ಟೇ. ಜಗತ್ತಿನ ಎಲ್ಲ ಸ್ವಿಫ್ಟ್ ಕೋಡ್‌ಗಳೂ ಇದೇ ಅಚ್ಚಿನಲ್ಲಿ ಇರುತ್ತವೆ.

ಇದರಲ್ಲಿ ನಿಮಗೆ ಜಾಸ್ತಿ ಕೆಲಸಕ್ಕೆ ಬರುವುದು ನಡುವಿನ ಆ ಎರಡು ಅಕ್ಷರ. ಹಣ ಯಾವ ದೇಶಕ್ಕೆ ಹೊರಟಿದೆ ಅಂತ ಅವೇ ಹೇಳುತ್ತವೆ. ಆದರೆ ದೇಶದ ಹೆಸರಿನ ಮೊದಲ ಅಕ್ಷರ ನೋಡಿ ಊಹಿಸಬೇಡಿ. ಸ್ವಿಟ್ಜರ್‌ಲ್ಯಾಂಡ್‌ಗೆ ಸಿಎಚ್, ಚೀನಾಕ್ಕೆ ಸಿಎನ್. ಎಸ್‌ಎ ಅಂದರೆ ಸೌದಿ ಅರೇಬಿಯಾ, ದಕ್ಷಿಣ ಆಫ್ರಿಕಾಕ್ಕೆ ಝಡ್‌ಎ. ಆಸ್ಟ್ರಿಯಾಕ್ಕೆ ಎಟಿ, ಆಸ್ಟ್ರೇಲಿಯಾಕ್ಕೆ ಎಯು. ಬ್ರಿಟನ್ನಿಗೆ ಜಿಬಿ, ಯುಕೆ ಅಲ್ಲ. ನಿಮ್ಮ ಕಾಲೇಜು ಜರ್ಮನಿಯಲ್ಲಿ ಇದ್ದು ಕೋಡಿನ ನಡುವೆ ಡಿಇ ಇಲ್ಲ ಅಂದರೆ ಅಲ್ಲೇ ನಿಲ್ಲಿಸಿ, ಕಾಲೇಜಿಗೆ ಫೋನ್ ಮಾಡಿ.

ಐಬಾನ್‌ನಲ್ಲಿ ದೇಶದ ಎರಡು ಅಕ್ಷರ ಶುರುವಿನಲ್ಲೇ ಬರುತ್ತವೆ. ಆಮೇಲೆ ತಪ್ಪು ಬರೆದರೆ ಹಿಡಿಯುವ ಎರಡು ತಪಾಸಣಾ ಅಂಕಿ, ಅದರ ಹಿಂದೆ ಬ್ಯಾಂಕಿನ ಗುರುತು ಮತ್ತು ಖಾತೆ ಸಂಖ್ಯೆ. ಉದ್ದ ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯದು 22, ಫ್ರಾನ್ಸಿನದು 27, ನಾರ್ವೆಯದು ಬರೀ 15, ಮಾಲ್ಟಾದ್ದು 31. ಕಾಗದದಲ್ಲಿ ಓದಲು ಅನುಕೂಲ ಆಗಲಿ ಅಂತ ನಾಲ್ಕು ನಾಲ್ಕಾಗಿ ಬಿಡಿಸಿ ಮುದ್ರಿಸಿರುತ್ತಾರೆ. ಫಾರಂನಲ್ಲಿ ತುಂಬುವಾಗ ಖಾಲಿ ಜಾಗ ಬೇಡ. ಎಣಿಸಿ ನೋಡಿ, 22 ಬರಬೇಕು.

ಪ್ರಶ್ನೆ: ಅವರು ಕೊಟ್ಟ ಸ್ವಿಫ್ಟ್ ಕೋಡಿನಲ್ಲಿ 8 ಅಕ್ಷರ ಇದೆ. ಬ್ಯಾಂಕಿನ ಆ್ಯಪ್ 11 ಕೇಳುತ್ತಿದೆ. ಉಳಿದ ಮೂರು ಎಲ್ಲಿಂದ ತರಲಿ?

ಉತ್ತರ: ಎಲ್ಲಿಂದಲೂ ತರಬೇಕಿಲ್ಲ. ಕೊನೆಗೆ ಮೂರು ‘ಎಕ್ಸ್’ ಹಾಕಿ. ಹಾಗೆ ಹಾಕಿದರೆ ಬ್ಯಾಂಕಿನ ಮುಖ್ಯ ಕಚೇರಿ ಅಂತ ಅರ್ಥ. 8 ಅಕ್ಷರದ ಕೋಡಿಗೂ ಅದೇ ಅರ್ಥ. ಬಹಳಷ್ಟು ಬ್ಯಾಂಕುಗಳು ಪ್ರತಿ ಶಾಖೆಗೂ ಬೇರೆ ಕೋಡ್ ಮಾಡಿಸಿರುವುದಿಲ್ಲ. ಸಂದೇಶ ಮುಖ್ಯ ಕಚೇರಿಗೆ ಬಂದರೆ ಖಾತೆ ಸಂಖ್ಯೆ ನೋಡಿ ಅವರೇ ಜಮಾ ಮಾಡುತ್ತಾರೆ. ಶಾಖೆಯ ಮೂರು ಅಕ್ಷರವನ್ನು ಅಂದಾಜಿನ ಮೇಲೆ ಮಾತ್ರ ಹಾಕಬೇಡಿ.

ಪ್ರಶ್ನೆ: ಹೊರದೇಶದ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡಿಕೊಡುತ್ತೇನೆ. ಅವರು ಸ್ವಿಫ್ಟ್ ಕೋಡ್ ಕೇಳಿದರು. ನನ್ನ ಪಾಸ್‌ಬುಕ್‌ನಲ್ಲಿ ಐಎಫ್‌ಎಸ್‌ಸಿ ಇತ್ತು. 11 ಅಕ್ಷರ ಅಂತ ಅವರು ಹೇಳಿದ್ದಕ್ಕೆ ಸರಿಹೋಯಿತು, ಅದನ್ನೇ ಕೊಟ್ಟೆ. ಆಗುತ್ತಲ್ವಾ?

ಉತ್ತರ: ಆಗುವುದಿಲ್ಲ. ಇವತ್ತೇ ಅವರಿಗೆ ಬರೆದು ತಿದ್ದಿಸಿ. ಎರಡೂ 11 ಅಕ್ಷರದವು, ಎರಡರಲ್ಲೂ ಮೊದಲ ನಾಲ್ಕು ಬ್ಯಾಂಕಿನವು, ಹಾಗಾಗಿ ನೋಡಲು ಒಂದೇ ಥರ ಕಾಣುತ್ತವೆ. ವ್ಯತ್ಯಾಸ ಐದನೇ ಅಕ್ಷರದಲ್ಲಿದೆ. ಐಎಫ್‌ಎಸ್‌ಸಿಯಲ್ಲಿ ಐದನೆಯದು ಯಾವಾಗಲೂ ಸೊನ್ನೆ. ಸ್ವಿಫ್ಟ್ ಕೋಡಿನಲ್ಲಿ ಆ ಜಾಗದಿಂದ ದೇಶದ ಎರಡು ಅಕ್ಷರ ಶುರುವಾಗುತ್ತವೆ, ಭಾರತದ ಬ್ಯಾಂಕಾದರೆ ಐಎನ್. ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಸ್ವಿಫ್ಟ್ ಕೋಡ್ ಎಸ್‌ಬಿಐಎನ್-ಐಎನ್-ಬಿಬಿ ಅಂತ ಶುರುವಾಗುತ್ತದೆ. ಅದರ ಶಾಖೆಗಳ ಐಎಫ್‌ಎಸ್‌ಸಿ ಎಸ್‌ಬಿಐಎನ್ ಆದ ಕೂಡಲೇ ಸೊನ್ನೆ. ಐದನೇ ಅಕ್ಷರದ ಮೇಲೆ ಬೆರಳಿಟ್ಟು ನೋಡಿದರೆ ಗೊಂದಲವೇ ಇರುವುದಿಲ್ಲ.

ಐಎಫ್‌ಎಸ್‌ಸಿ ಭಾರತದ ಒಳಗಿನ ನೆಫ್ಟ್, ಆರ್‌ಟಿಜಿಎಸ್, ಐಎಂಪಿಎಸ್‌ಗೆ ಮಾಡಿದ್ದು. ಇಂಥ ಒಳಗಿನ ಕೋಡ್ ಬಹಳ ದೇಶಗಳಿಗೆ ಇದೆ. ಅಮೆರಿಕದಲ್ಲಿ 9 ಅಂಕಿಯ ರೂಟಿಂಗ್ ನಂಬರ್. ಅಮೆರಿಕನ್ ಬ್ಯಾಂಕರ್ಸ್ ಅಸೋಸಿಯೇಶನ್ ಅದನ್ನು ತಂದದ್ದು 1910ರಲ್ಲಿ, ಅಂದರೆ ಸ್ವಿಫ್ಟ್ ಹುಟ್ಟುವುದಕ್ಕೂ ಎಷ್ಟೋ ಮೊದಲು. ಬ್ರಿಟನ್ನಿನಲ್ಲಿ 6 ಅಂಕಿಯ ಸಾರ್ಟ್ ಕೋಡ್, ಆಸ್ಟ್ರೇಲಿಯಾದಲ್ಲಿ 6 ಅಂಕಿಯ ಬಿಎಸ್‌ಬಿ. ಅಮೆರಿಕ, ಆಸ್ಟ್ರೇಲಿಯಾ, ಕೆನಡಾ, ಭಾರತಗಳಲ್ಲಿ ಐಬಾನ್ ಇಲ್ಲ. ಹಾಗಾಗಿ ಆ ದೇಶಗಳಿಗೆ ಕಳಿಸುವಾಗ ಸ್ವಿಫ್ಟ್ ಕೋಡಿನ ಜೊತೆ ಒಳಗಿನ ಕೋಡನ್ನೂ ಕೇಳುವುದುಂಟು. ನೀವು ಸ್ವಿಫ್ಟ್ ಕೋಡ್, ಖಾತೆ ಸಂಖ್ಯೆ, ಖಾತೆಯಲ್ಲಿ ಇರುವ ಹಾಗೇ ನಿಮ್ಮ ಹೆಸರು, ಜೊತೆಗೆ ಐಎಫ್‌ಎಸ್‌ಸಿ, ನಾಲ್ಕನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದು ಕೊಡಿ. ಸ್ವಿಫ್ಟ್ ಕೋಡ್ ಪಾಸ್‌ಬುಕ್‌ನಲ್ಲಿ ಇಲ್ಲದಿದ್ದರೆ ಶಾಖೆಯಲ್ಲಿ ಕೇಳಿ. ನಿಮ್ಮ ಶಾಖೆಗೆ ಸ್ವಂತ ಸ್ವಿಫ್ಟ್ ಕೋಡ್ ಇರಲಿಕ್ಕಿಲ್ಲ. ಯಾವ ಕೋಡ್ ಮೂಲಕ ಹೊರದೇಶದ ಹಣ ಬರಬೇಕು ಅಂತ ಅವರೇ ಹೇಳುತ್ತಾರೆ.

ಪ್ರಶ್ನೆ: ತಮ್ಮನಿಗೆ ಹಣ ಕಳಿಸಿದ್ದೇನೆ. ರಸೀದಿ ನೋಡಿದರೆ ಸ್ವಿಫ್ಟ್ ಕೋಡಿನಲ್ಲಿ ಒಂದು ಅಕ್ಷರ ತಪ್ಪಾಗಿದೆ. ಖಾತೆ ಸಂಖ್ಯೆ, ಹೆಸರು ಸರಿ ಇವೆ. ನಿದ್ದೆ ಬರುತ್ತಿಲ್ಲ. ಹಣ ಹೋಯಿತಾ?

ಉತ್ತರ: ಹಣ ಹೋಗುವುದು ತೀರಾ ಅಪರೂಪ. ತಡ ಆಗುವುದು, ಸ್ವಲ್ಪ ಖರ್ಚಾಗುವುದು ಮಾತ್ರ ಹೆಚ್ಚು ಕಮ್ಮಿ ಖಂಡಿತ. ಆದರೂ ಸುಮ್ನೆ ಕಾಯುತ್ತಾ ಕೂರಬೇಡಿ. ಈ ಪತ್ರಿಕೆ ಕೈಗೆ ಬರುವ ಹೊತ್ತಿಗೆ ನೀವು ಬ್ಯಾಂಕಿಗೆ ಹೋಗಿ ಬಂದಿರುತ್ತೀರಿ ಅಂತ ನಂಬಿದ್ದೇನೆ. ಉಳಿದ ಓದುಗರಿಗಾಗಿ ಏನೇನು ಆಗಬಹುದು ಅಂತ ಹೇಳುತ್ತೇನೆ.

ತಪ್ಪು ಬರೆದ ಕೋಡ್ ಯಾವ ಬ್ಯಾಂಕಿನದೂ ಅಲ್ಲ ಅಂದರೆ ಅದು ನಿಮ್ಮ ಅದೃಷ್ಟ. ಬ್ಯಾಂಕಿನ ಕಂಪ್ಯೂಟರ್ ಅದನ್ನು ಕೋಡ್‌ಗಳ ಪಟ್ಟಿಯಲ್ಲಿ ಹುಡುಕಿ, ಸಿಗದೆ, ಅಲ್ಲೇ ತಡೆಯುತ್ತದೆ. ಹಣ ಊರೇ ಬಿಡುವುದಿಲ್ಲ. ನಿಮ್ಮದು ಹೊರಟುಹೋಗಿದೆ ಅಂದರೆ ಆ ತಪ್ಪು ಕೋಡ್ ಇನ್ಯಾವುದೋ ಬ್ಯಾಂಕಿನ ಸರಿಯಾದ ಕೋಡ್ ಆಗಿದೆ ಅಂತಾಯಿತು. ಸಂದೇಶ ಆ ಬ್ಯಾಂಕಿಗೆ ಹೋಗುತ್ತದೆ. ಅವರು ಖಾತೆ ಸಂಖ್ಯೆ ಹುಡುಕುತ್ತಾರೆ, ಸಿಗುವುದಿಲ್ಲ, ಕಾರಣ ಬರೆದು ವಾಪಸ್ ಮಾಡುತ್ತಾರೆ. ವಾಪಸ್ ಬರುವಾಗ ನಡುವೆ ಬರುವ ಬ್ಯಾಂಕುಗಳ ಶುಲ್ಕ ಕಳೆದಿರುತ್ತದೆ, ವಿನಿಮಯ ದರ ಬದಲಾಗಿರುತ್ತದೆ. ಅದೇ ಬ್ಯಾಂಕಿನ ಬೇರೆ ಶಾಖೆಯ ಕೋಡ್ ಆಗಿದ್ದರೆ ಎಷ್ಟೋ ಸಲ ಅವರೇ ಸರಿಯಾದ ಖಾತೆಗೆ ಹಾಕಿಬಿಡುತ್ತಾರೆ. ಭಯಪಡಬೇಕಾದ್ದು ಇನ್ನೊಂದಕ್ಕೆ. ಆ ತಪ್ಪು ಬ್ಯಾಂಕಿನಲ್ಲೂ ಅದೇ ಸಂಖ್ಯೆಯ ಖಾತೆ ಇದ್ದು, ಹೆಸರು ತಾಳೆ ನೋಡದೆ ಜಮಾ ಮಾಡಿಬಿಟ್ಟರೆ ಕಷ್ಟ. ಆಮೇಲೆ ಸಾಮಾನ್ಯವಾಗಿ ಆ ಖಾತೆದಾರರು ಒಪ್ಪಿದರೇ ಹಣ ವಾಪಸ್ ಬರುವುದು, ಇಲ್ಲದಿದ್ದರೆ ಕಾನೂನಿನ ದಾರಿ.

ಇಲ್ಲಿ ಒಂದು ಮಾತು ಎಲ್ಲರಿಗೂ ಗೊತ್ತಿರಬೇಕು. ಐಬಾನ್‌ಗೆ ತನ್ನನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಇದೆ, ಸ್ವಿಫ್ಟ್ ಕೋಡಿಗೆ ಇಲ್ಲ. ಐಬಾನ್‌ನ ಮೊದಲ ನಾಲ್ಕು ಅಕ್ಷರವನ್ನು ಎತ್ತಿ ಕೊನೆಗೆ ಹಾಕಿ, ‘ಎ’ ಇದ್ದಲ್ಲಿ 10, ‘ಬಿ’ ಇದ್ದಲ್ಲಿ 11, ಹೀಗೆ ‘ಝಡ್’ಗೆ 35ರವರೆಗೆ ಅಂಕಿ ಬರೆದು, ಬಂದ ದೊಡ್ಡ ಸಂಖ್ಯೆಯನ್ನು 97ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಒಂದು ಅಂಕಿ ತಪ್ಪಿದರೂ ಶೇಷ ಬದಲಾಗುತ್ತದೆ. ಕಂಪ್ಯೂಟರ್ ಆ ಕ್ಷಣವೇ ಬೇಡ ಅನ್ನುತ್ತದೆ. ಸ್ವಿಫ್ಟ್ ಕೋಡಿನಲ್ಲಿ ಅಂಥ ತಪಾಸಣಾ ಅಂಕಿಯೇ ಇಲ್ಲ. 8 ಅಥವಾ 11 ಅಕ್ಷರ ಇದ್ದು, ಪಟ್ಟಿಯಲ್ಲಿ ಇದ್ದರೆ ಮುಗಿಯಿತು. ಅದು ನೀವು ಬಯಸಿದ ಬ್ಯಾಂಕೇ ಅಂತ ನೋಡುವ ಕೆಲಸ ಮನುಷ್ಯರ ಕಣ್ಣಿಗೇ ಬಿಟ್ಟಿದ್ದು. ಅದಕ್ಕೇ ನಾನು ಬಿಡಿಸಿ ಓದಿ, ಬಿಡಿಸಿ ಓದಿ ಅನ್ನೋದು.

ಮೊದಲ ಆರು ಅಕ್ಷರಗಳಲ್ಲಿ ಬಳಕೆಯಲ್ಲಿ ಅಂಕಿ ಬರುವುದಿಲ್ಲ. ಅಲ್ಲಿ ದುಂಡಗೆ ಏನಾದರೂ ಕಂಡರೆ ಅದು ‘ಒ’ ಅಕ್ಷರ, ಸೊನ್ನೆ ಅಲ್ಲ. ನೆಟ್ಟಗೆ ಗೆರೆ ಕಂಡರೆ ‘ಐ’, ಒಂದು ಅಲ್ಲ. ಏಳನೇ ಜಾಗದಿಂದ ಅಂಕಿ ಬರಬಹುದು. ನ್ಯೂಯಾರ್ಕಿನ ಎಷ್ಟೋ ಬ್ಯಾಂಕುಗಳಿಗೆ ಅಲ್ಲಿ 33 ಇರುತ್ತದೆ, ಲಂಡನ್ನಿನ ಎಷ್ಟೋ ಬ್ಯಾಂಕುಗಳಿಗೆ 22.

ಬ್ಯಾಂಕಿನ ಹೆಸರು ನೋಡಿ ಮೊದಲ ನಾಲ್ಕು ಅಕ್ಷರ ಊಹಿಸುವುದೂ ಬೇಡ. ಲಂಡನ್ನಿನ ಎಚ್‌ಎಸ್‌ಬಿಸಿ ಬ್ಯಾಂಕಿನ ಕೋಡ್ ಎಂಐಡಿಎಲ್-ಜಿಬಿ-22. ಎಚ್‌ಎಸ್‌ಬಿಸಿಗೆ ಎಂಐಡಿಎಲ್ ಯಾಕೆ ಅಂದರೆ, ಅದು ಮೊದಲು ಮಿಡ್‌ಲ್ಯಾಂಡ್ ಬ್ಯಾಂಕ್ ಆಗಿತ್ತು. 1992ರಲ್ಲಿ ಎಚ್‌ಎಸ್‌ಬಿಸಿ ಅದನ್ನು ಕೊಂಡಿತು. ಹೆಸರು ಬದಲಾಯಿತು, ಕೋಡ್ ಹಳೆಯದೇ ಉಳಿಯಿತು. ಅದೇ ಗುಂಪಿನ ಸಾಮಾನ್ಯ ಗ್ರಾಹಕರ ಬ್ಯಾಂಕಿಗೆ ಬ್ರಿಟನ್ನಿನಲ್ಲಿ ಇನ್ನೊಂದು ಕೋಡ್ ಇದೆ, ಎಚ್‌ಬಿಯುಕೆ-ಜಿಬಿ-4ಬಿ. ಇಂಥವನ್ನು ಹುಡುಕಾಟದಲ್ಲಿ ಮೊದಲು ಸಿಕ್ಕಿದ್ದನ್ನು ನಂಬಿ ತುಂಬಿದರೆ ಹಣ ತಪ್ಪು ಬ್ಯಾಂಕಿಗೆ ಹೋಗುತ್ತದೆ. ಕೋಡ್ ಬರಬೇಕಾದ್ದು ಹಣ ಪಡೆಯುವವರಿಂದ. ಅವರು ಅದನ್ನು ತಮ್ಮ ಬ್ಯಾಂಕಿನಿಂದ ಕೇಳಿ ತಂದಿರಬೇಕು.

ಪ್ರಶ್ನೆ: ನಾನು ಕಾಮರ್ಸ್ ವಿದ್ಯಾರ್ಥಿನಿ. ಸ್ವಿಫ್ಟ್ ಮೂಲಕ ಹಣ ಹೋಗುತ್ತದೆ ಅಂತ ಪುಸ್ತಕದಲ್ಲಿದೆ. ನೋಟು ಹೋಗುವುದಿಲ್ಲ ಅಂತ ಗೊತ್ತು. ಹಾಗಾದರೆ ನಿಜವಾಗಿ ಹೋಗುವುದು ಏನು?

ಉತ್ತರ: ತುಂಬಾ ಒಳ್ಳೆಯ ಪ್ರಶ್ನೆ. ಹೋಗುವುದು ಸಂದೇಶ, ಅಷ್ಟೇ. ‘ಇಂಥವರ ಖಾತೆಗೆ ಇಷ್ಟು ಹಾಕಿ, ಇಂತಲ್ಲಿರುವ ನಮ್ಮ ಖಾತೆಯಿಂದ ತೆಗೆದುಕೊಳ್ಳಿ’ ಅಂತ ಒಂದು ಬ್ಯಾಂಕ್ ಇನ್ನೊಂದು ಬ್ಯಾಂಕಿಗೆ ಬರೆಯುವ ಪತ್ರ ಅದು. ಸ್ವಿಫ್ಟ್ ಯಾರ ಹಣವನ್ನೂ ಇಟ್ಟುಕೊಳ್ಳುವುದಿಲ್ಲ. ಅದು ಬ್ಯಾಂಕೂ ಅಲ್ಲ.

ನಾನು ಕೆಲಸಕ್ಕೆ ಸೇರಿದಾಗ ಈ ಪತ್ರಗಳು ಟೆಲೆಕ್ಸ್‌ನಲ್ಲಿ, ಅಂದರೆ ಟೈಪ್ ಮಾಡಿದ್ದನ್ನು ತಂತಿಯ ಮೂಲಕ ಕಳಿಸುವ ಯಂತ್ರದಲ್ಲಿ, ಹೋಗುತ್ತಿದ್ದವು. ಕಳಿಸಿದವರು ನಿಜವಾಗಿ ಆ ಬ್ಯಾಂಕಿನವರೇ ಅಂತ ನಂಬುವುದಕ್ಕೆ ‘ಟೆಸ್ಟ್ ಕೀ’ ಅಂತ ಒಂದು ಲೆಕ್ಕ ಇತ್ತು. ಬೀಗ ಹಾಕಿಟ್ಟ ಪುಸ್ತಕ ತೆಗೆಯಬೇಕು. ಮೊತ್ತಕ್ಕೆ ಒಂದು ಸಂಖ್ಯೆ, ತಾರೀಖಿಗೆ ಒಂದು, ಕರೆನ್ಸಿಗೆ ಒಂದು, ಎಲ್ಲ ಹುಡುಕಿ ಕೂಡಿಸಬೇಕು. ಬಂದ ಮೊತ್ತವನ್ನು ಟೆಲೆಕ್ಸ್‌ನಲ್ಲಿ ಹೊಡೆಯಬೇಕು. ಆ ಕಡೆಯವರು ತಮ್ಮ ಪುಸ್ತಕ ತೆಗೆದು ಅದೇ ಲೆಕ್ಕ ಮಾಡುತ್ತಿದ್ದರು. ತಾಳೆಯಾದರೆ ಪಾವತಿ, ಆಗದಿದ್ದರೆ ಮತ್ತೆ ಟೆಲೆಕ್ಸ್. ಬ್ಯಾಂಕಿನ ಹೆಸರು, ವಿಳಾಸ ಎಲ್ಲ ಉದ್ದಕ್ಕೆ ಬರೆಯಬೇಕಿತ್ತು, ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಿದ್ದರು.

ಈ ಗೋಜಲು ಬಿಡಿಸಲು 1973ರಲ್ಲಿ 15 ದೇಶಗಳ 239 ಬ್ಯಾಂಕುಗಳು ಸೇರಿ ಬ್ರಸೆಲ್ಸ್‌ನಲ್ಲಿ ಸ್ವಿಫ್ಟ್ ಕಟ್ಟಿದವು. ಅದು ಇವತ್ತಿಗೂ ಸಹಕಾರಿ ಸಂಸ್ಥೆಯೇ, ಬೆಲ್ಜಿಯಂನ ಲಾ ಉಲ್ಪ್ ಅನ್ನುವಲ್ಲಿ ಅದರ ಕಚೇರಿ ಇದೆ. ಮೊದಲ ಸಂದೇಶ ಹೋದದ್ದು 1977ರಲ್ಲಿ. ಈಗ 200ಕ್ಕೂ ಹೆಚ್ಚು ದೇಶ, ಪ್ರದೇಶಗಳ 11,000ಕ್ಕೂ ಹೆಚ್ಚು ಸಂಸ್ಥೆಗಳು ಅದರಲ್ಲಿವೆ. ಪ್ರತಿಯೊಬ್ಬರಿಗೂ ಒಂದೇ ಅಚ್ಚಿನ ಗುರುತು ಬೇಕಾಯಿತಲ್ಲ, ಅದೇ ನಾವು ಈಗ ಮಾತಾಡುತ್ತಿರುವ ಕೋಡ್. ಪತ್ರದ ಮೇಲಿನ ಪಿನ್ ಕೋಡ್ ಇದ್ದ ಹಾಗೆ ಅದು. ಸರಿಯಾದ ಅಂಚೆ ಕಚೇರಿಗೆ ಮುಟ್ಟಿಸುತ್ತದೆ, ಮನೆ ಬಾಗಿಲು ಹುಡುಕುವುದಕ್ಕೆ ಖಾತೆ ಸಂಖ್ಯೆ ಮತ್ತು ಹೆಸರೇ ಬೇಕು.

ಇನ್ನು ಹಣದ ಲೆಕ್ಕ. ಒಂದು ಬ್ಯಾಂಕ್ ಇನ್ನೊಂದು ದೇಶದ ಬ್ಯಾಂಕಿನಲ್ಲಿ ಆ ದೇಶದ ಕರೆನ್ಸಿಯಲ್ಲಿ ಖಾತೆ ಇಟ್ಟಿರುತ್ತದೆ. ಇದನ್ನು ನಾವು ನಾಸ್ಟ್ರೋ ಖಾತೆ ಅನ್ನುತ್ತೇವೆ. ಸಂದೇಶ ಮುಟ್ಟಿದ ಮೇಲೆ ಆ ಖಾತೆಯಲ್ಲಿ ಕಳೆದು, ಪಡೆಯುವವರ ಕಡೆ ಕೂಡಿಸುತ್ತಾರೆ. ಎರಡು ಬ್ಯಾಂಕುಗಳ ನಡುವೆ ನೇರ ಖಾತೆ ಇಲ್ಲದಿದ್ದರೆ ಇಬ್ಬರಿಗೂ ಗೊತ್ತಿರುವ ಮೂರನೇ ಬ್ಯಾಂಕ್ ನಡುವೆ ಬರುತ್ತದೆ. ಡಾಲರ್ ಪಾವತಿಯಾದರೆ ಸಾಮಾನ್ಯವಾಗಿ ನ್ಯೂಯಾರ್ಕಿನ ಒಂದು ಬ್ಯಾಂಕ್ ನಡುವೆ ಇದ್ದೇ ಇರುತ್ತದೆ, ಕಳಿಸುವವರೂ ಪಡೆಯುವವರೂ ಅಮೆರಿಕದಲ್ಲಿ ಇಲ್ಲದಿದ್ದರೂ. ನಿಮ್ಮ ಪುಸ್ತಕದ ಆ ವಾಕ್ಯದ ಪಕ್ಕದಲ್ಲಿ ‘ಸಂದೇಶ’ ಅಂತ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ.

ಪ್ರಶ್ನೆ: ಅಣ್ಣ ಕಳಿಸಿದ್ದಕ್ಕಿಂತ ಕಮ್ಮಿ ಹಣ ಬಂದಿದೆ. ನಮ್ಮ ಬ್ಯಾಂಕಿನವರು ನಾವು ಕಡಿದಿಲ್ಲ ಅನ್ನುತ್ತಾರೆ. ಅಣ್ಣನ ಬ್ಯಾಂಕಿನವರೂ ಅದನ್ನೇ ಅನ್ನುತ್ತಾರೆ. ಯಾರನ್ನು ನಂಬಲಿ?

ಉತ್ತರ: ಇಬ್ಬರೂ ನಿಜವನ್ನೇ ಹೇಳುತ್ತಿರಬಹುದು. ಮೇಲೆ ಹೇಳಿದ ನಡುವಿನ ಬ್ಯಾಂಕ್ ತನ್ನ ಶುಲ್ಕ ಹಿಡಿದುಕೊಂಡು ಉಳಿದದ್ದನ್ನು ಮುಂದೆ ಕಳಿಸಿರುತ್ತದೆ. ಫಾರಂನಲ್ಲಿ ಶುಲ್ಕ ಯಾರದು ಅಂತ ಒಂದು ಸಣ್ಣ ಜಾಗ ಇರುತ್ತದೆ. ‘ಅವರ್’ (ಇಂಗ್ಲಿಷಿನ OUR, ‘ನಮ್ಮದು’) ಅಂತ ಹಾಕಿದರೆ ಎಲ್ಲ ಶುಲ್ಕವೂ ಕಳಿಸುವವರದು. ‘ಬೆನ್’ (BEN) ಅಂದರೆ ಎಲ್ಲವೂ ಪಡೆಯುವವರದು. ‘ಶಾ’ (SHA) ಅಂದರೆ ಹಂಚಿಕೆ: ಕಳಿಸುವ ಬ್ಯಾಂಕಿನದು ಅಣ್ಣನದು, ಉಳಿದದ್ದು ನಿಮ್ಮದು. ಏನೂ ಹೇಳದೆ ಬಿಟ್ಟರೆ ಬಹಳಷ್ಟು ಕಡೆ ‘ಶಾ’ ಹಾಕಿಬಿಡುತ್ತಾರೆ. ಫೀ, ಬಾಡಿಗೆ, ಬಿಲ್ಲಿನ ಥರ ಪೂರ್ತಿ ಮೊತ್ತವೇ ಮುಟ್ಟಬೇಕಾದ ಹಣಕ್ಕೆ ‘ಅವರ್’ ಹಾಕಿಸುವುದು ವಾಸಿ. ಸ್ವಲ್ಪ ಕಮ್ಮಿ ಬಂತು ಅಂತ ಕಾಲೇಜು ದಾಖಲಾತಿಯನ್ನೇ ತಡೆಹಿಡಿದದ್ದನ್ನು ನಾನು ನೋಡಿದ್ದೇನೆ. ಮಕ್ಕಳಿಗೆ ಆಗುವ ಆ ತೊಂದರೆ ನೋಡಿದರೆ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ: ಕಳಿಸಿ ವಾರ ಕಳೆಯಿತು. ಇಲ್ಲಿ ‘ಹೋಗಿದೆ’ ಅನ್ನುತ್ತಾರೆ, ಅಲ್ಲಿ ‘ಬಂದಿಲ್ಲ’ ಅನ್ನುತ್ತಾರೆ. ಕೌಂಟರಿನಲ್ಲಿ ಏನಂತ ಕೇಳಬೇಕು?

ಉತ್ತರ: ‘ನನ್ನ ಹಣ ಎಲ್ಲಿ’ ಅಂತ ಕೇಳಿದರೆ ‘ಹೋಗಿದೆ’ ಅನ್ನುವ ಉತ್ತರವೇ ಬರುತ್ತದೆ. ‘ನನ್ನ ಪಾವತಿಯ ಯುಇಟಿಆರ್ ಕೊಡಿ’ ಅಂತ ಕೇಳಿ. ಅಂಕಿ, ಅಕ್ಷರ, ನಡುವೆ ಗೆರೆಗಳು ಎಲ್ಲ ಸೇರಿ 36 ಇರುವ ಒಂದು ಗುರುತು ಅದು. ಪಾವತಿ ಹೊರಟಲ್ಲಿಂದ ಮುಟ್ಟುವ ತನಕ ಯಾವ ಬ್ಯಾಂಕಿಗೆ ಹೋದರೂ ಅದು ಬದಲಾಗುವುದಿಲ್ಲ. 2018ರ ನವೆಂಬರ್‌ನಿಂದ ಸ್ವಿಫ್ಟ್‌ನ ಇಂಥ ಎಲ್ಲ ಪಾವತಿಗಳಿಗೂ ಇದು ಕಡ್ಡಾಯ. ಅದನ್ನು ಹಿಡಿದು ನಿಮ್ಮ ಬ್ಯಾಂಕ್ ಹುಡುಕಿದರೆ ಹಣ ಈಗ ಯಾವ ಬ್ಯಾಂಕಿನಲ್ಲಿ ನಿಂತಿದೆ ಅಂತ ಗೊತ್ತಾಗುತ್ತದೆ.

ಜೊತೆಗೆ ಸಂದೇಶದ ಪ್ರತಿಯನ್ನೂ ಕೇಳಿ. ಮೊದಲು ಇದಕ್ಕೆ ಎಂಟಿ 103 ಅನ್ನುತ್ತಿದ್ದೆವು, ಹಳೇ ಸಿಬ್ಬಂದಿ ಈಗಲೂ ಹಾಗೇ ಅನ್ನುತ್ತಾರೆ. ಬ್ಯಾಂಕುಗಳ ನಡುವಿನ ಪಾವತಿಗೆ ಆ ಹಳೇ ನಮೂನೆಯ ಕಾಲ 2025ರ ನವೆಂಬರ್‌ನಲ್ಲಿ ಮುಗಿಯಿತು. ಈಗ ಐಎಸ್‌ಒ 20022 ಅನ್ನುವ ಹೊಸ ನಮೂನೆ. ಪ್ರತಿ ಕೈಗೆ ಬಂದ ಮೇಲೆ ಕೋಡ್, ಖಾತೆ, ಹೆಸರು ಮೂರನ್ನೂ ನಿಮ್ಮ ಕಾಗದದ ಜೊತೆ ತಾಳೆ ನೋಡಿ. ಹೆಸರಿನ ಇನಿಶಿಯಲ್ ಅದಲುಬದಲಾಗಿ ನಿಂತುಹೋದ ಪಾವತಿಗಳನ್ನು ನಾನು ತುಂಬಾ ಕಂಡಿದ್ದೇನೆ. ಹೊಸ ನಮೂನೆಯಲ್ಲಿ ಊರು ಮತ್ತು ದೇಶವನ್ನು ವಿಳಾಸದ ಒಳಗೆ ತುರುಕದೆ ಬೇರೆ ಬೇರೆ ಜಾಗದಲ್ಲಿ ಬರೆಯುವ ವ್ಯವಸ್ಥೆ ಇದೆ. ಬ್ಯಾಂಕ್ ಅದನ್ನು ಕೇಳಿದರೆ ಬೇಸರ ಮಾಡಿಕೊಳ್ಳದೆ ಕೊಡಿ.

ಇನ್ನೊಂದು ಸಣ್ಣ ವಿಷಯ. ರಜಾದಿನ ಲೆಕ್ಕ ಹಾಕಿ. ಸೌದಿಯಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ನ್ಯೂಯಾರ್ಕಿನಲ್ಲಿ ಶನಿವಾರ, ಭಾನುವಾರ. ಗುರುವಾರ ಸಂಜೆ ಹೊರಟ ಡಾಲರ್ ಪಾವತಿ ಸೋಮವಾರದ ತನಕ ಅಲ್ಲಾಡದೆ ಇದ್ದರೆ ಅದರಲ್ಲಿ ಯಾರ ತಪ್ಪೂ ಇಲ್ಲ.

ಪ್ರಶ್ನೆ: ಹೊರದೇಶದ ಒಬ್ಬ ವ್ಯಾಪಾರಿಯಿಂದ ನಾವು ಸಾಮಾನು ತರಿಸುತ್ತೇವೆ. ಮೊನ್ನೆ ಅವರಿಂದ ಇಮೇಲ್ ಬಂತು. ‘ನಮ್ಮ ಖಾತೆ ಆಡಿಟ್‌ನಲ್ಲಿದೆ, ಈ ಸಲ ಹೊಸ ಖಾತೆಗೆ ಹಾಕಿ’ ಅಂತ ಬೇರೆ ಸ್ವಿಫ್ಟ್ ಕೋಡ್ ಕೊಟ್ಟಿದ್ದಾರೆ. ಕೋಡ್ ಹುಡುಕಿ ನೋಡಿದೆ, ನಿಜವಾದ ಬ್ಯಾಂಕಿನದೇ. ಕಳಿಸಲಾ?

ಉತ್ತರ: ಕಳಿಸಬೇಡಿ. ದಯವಿಟ್ಟು ಕಳಿಸಬೇಡಿ.

ಕೋಡ್ ನಿಜವಾದ ಬ್ಯಾಂಕಿನದು ಅನ್ನುವುದರಿಂದ ಏನೂ ಸಾಬೀತಾಗುವುದಿಲ್ಲ. ಸ್ವಿಫ್ಟ್ ಕೋಡ್ ಗುಟ್ಟಿನದ್ದಲ್ಲ, ಯಾರು ಬೇಕಾದರೂ ನೋಡಬಹುದು. ಮೋಸಗಾರರಿಗೂ ನಿಜವಾದ ಬ್ಯಾಂಕಿನಲ್ಲೇ ಖಾತೆ ಇರುತ್ತದೆ. ಅವರು ಯಾರದೋ ಇಮೇಲ್ ಒಳಗೆ ನುಗ್ಗಿ, ನಿಮ್ಮ ಹಳೇ ಪತ್ರಗಳನ್ನೆಲ್ಲ ಓದಿ, ಅದೇ ಧಾಟಿಯಲ್ಲಿ ಬರೆದು, ಖಾತೆಯ ವಿವರ ಮಾತ್ರ ಬದಲಾಯಿಸುತ್ತಾರೆ. ಈ ಮೋಸ ಪ್ರಪಂಚದ ಎಲ್ಲ ಕಡೆ ನಡೆಯುತ್ತಿದೆ. ಹೊಸ ಕೋಡಿನ ಐದನೇ, ಆರನೇ ಅಕ್ಷರ ನೋಡಿ. ನಿಮ್ಮ ವ್ಯಾಪಾರಿ ಇರುವ ದೇಶದ್ದೇನಾ? ಬೇರೆ ದೇಶದ್ದಾದರೆ ಅನುಮಾನ ಗಟ್ಟಿಯಾಯಿತು. ಅದೇ ದೇಶದ್ದಾದರೂ ನಂಬಬೇಡಿ. ನಿಮ್ಮ ಹತ್ತಿರ ಮೊದಲಿಂದ ಇರುವ ಫೋನ್ ನಂಬರಿಗೆ ಕರೆ ಮಾಡಿ, ಪರಿಚಯದ ದನಿ ಕೇಳಿ, ಅವರ ಬಾಯಲ್ಲೇ ಖಾತೆ ಸಂಖ್ಯೆ ಹೇಳಿಸಿ. ಆ ಇಮೇಲ್‌ನಲ್ಲಿ ಕೊಟ್ಟಿರುವ ನಂಬರಿಗೆ ಮಾತ್ರ ಕರೆ ಮಾಡಬೇಡಿ.

ಹೆಸರನ್ನು ನೋಡುವುದು ಎಷ್ಟು ದೊಡ್ಡ ವಿಷಯ ಅಂತ ಹೇಳುತ್ತೇನೆ. 2016ರ ಫೆಬ್ರವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನ ಕಂಪ್ಯೂಟರುಗಳಿಗೆ ಕಳ್ಳರು ನುಗ್ಗಿದರು. ಅದರ ಸ್ವಿಫ್ಟ್ ವ್ಯವಸ್ಥೆಯಿಂದಲೇ, ಅದರ ಖಾತೆ ಇದ್ದ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿಗೆ 35 ಪಾವತಿ ಸಂದೇಶ ಕಳಿಸಿದರು. ಕೇಳಿದ್ದು ಹೆಚ್ಚು ಕಮ್ಮಿ 100 ಕೋಟಿ ಡಾಲರ್. ಅದರಲ್ಲಿ 8 ಕೋಟಿ 10 ಲಕ್ಷ ಡಾಲರ್ ಫಿಲಿಪ್ಪೀನ್ಸ್‌ನ ಮನಿಲಾದ ಖಾತೆಗಳಿಗೆ ಹೋಗಿಯೇ ಹೋಯಿತು. ಶ್ರೀಲಂಕಾದ ಒಂದು ಸಂಸ್ಥೆಗೆ ಹೊರಟಿದ್ದ 2 ಕೋಟಿ ಡಾಲರ್ ದಾರಿಯಲ್ಲೇ ಸಿಕ್ಕಿಬಿತ್ತು. ಆ ಸಂಸ್ಥೆಯ ಹೆಸರಿನಲ್ಲಿ ‘ಫೌಂಡೇಶನ್’ ಅನ್ನುವುದರ ಕಾಗುಣಿತ ತಪ್ಪಿತ್ತು. ನಡುವಿನ ಬ್ಯಾಂಕಿನವರು ಅದನ್ನು ಗಮನಿಸಿ, ಇದೇನು ಅಂತ ವಿಚಾರಿಸಿದರು. ಅಷ್ಟು ಹಣ ಉಳಿಸಿದ್ದು ಹೆಸರನ್ನು ಓದಿದ ಒಬ್ಬರ ಕಣ್ಣು. ಆ ನೌಕರರು ಯಾರೇ ಇರಲಿ, ನನಗೆ ಅವರ ಮೇಲೆ ಬಹಳ ಗೌರವ.

ಈಗ ಕೆಲವು ದೇಶಗಳು ಈ ಕೆಲಸವನ್ನು ಬ್ಯಾಂಕಿನ ಮೇಲೇ ಹಾಕಿವೆ. ಯೂರೋ ಬಳಸುವ ದೇಶಗಳ ಬ್ಯಾಂಕುಗಳು 2025ರ ಅಕ್ಟೋಬರ್‌ನಿಂದ ತಮ್ಮ ನಡುವಿನ ಯೂರೋ ಪಾವತಿಗಳಿಗೆ ಹೆಸರೂ ಐಬಾನೂ ಹೊಂದುತ್ತವಾ ಅಂತ ಕಳಿಸುವ ಮೊದಲೇ ನೋಡಿ ಹೇಳಬೇಕು. ಬ್ರಿಟನ್ನಿನಲ್ಲಿ ಒಳಗಿನ ಪಾವತಿಗಳಿಗೆ ಇಂಥದ್ದು 2020ರಿಂದಲೇ ಇದೆ. ಎಲ್ಲ ದೇಶಗಳಿಗೂ ಇದು ಬರಬೇಕು ಅಂತ ನನ್ನ ಆಸೆ. ಬರುವ ತನಕ ಆ ಫೋನ್ ಕರೆ ನಿಮ್ಮ ಕೆಲಸ.

ಅಕಸ್ಮಾತ್ ಕಳಿಸಿಬಿಟ್ಟಿದ್ದರೆ ಗಂಟೆಗಳ ಲೆಕ್ಕದಲ್ಲಿ ಓಡಿ. ಪಾವತಿ ರದ್ದು ಮಾಡುವಂತೆ ಸಂದೇಶ ಕಳಿಸಿ ಅಂತ ಬ್ಯಾಂಕಿಗೆ ಬರೆದು ಕೊಡಿ, ಮೋಸ ಅನ್ನುವ ಮಾತನ್ನು ಅದರಲ್ಲಿ ಸ್ಪಷ್ಟವಾಗಿ ಬರೆಯಿರಿ, ಪೊಲೀಸರಿಗೂ ದೂರು ಕೊಡಿ. ಹಣ ಆ ಖಾತೆಯಿಂದ ಹೊರಗೆ ಹೋಗುವ ಮೊದಲು ತಡೆದರೆ ಮಾತ್ರ ವಾಪಸ್ ಸಿಗುವ ಆಸೆ.

ಪ್ರಶ್ನೆ: ನಾವು ಹಣ ಕಳಿಸುವ ಬ್ಯಾಂಕ್ ಇನ್ನೊಂದು ಬ್ಯಾಂಕಿನ ಜೊತೆ ಸೇರಿಹೋಗಿದೆ. ಹಳೇ ಸ್ವಿಫ್ಟ್ ಕೋಡ್ ನಡೆಯುತ್ತಾ?

ಉತ್ತರ: ಸ್ವಲ್ಪ ಕಾಲ ನಡೆಯಬಹುದು, ಆಮೇಲೆ ಒಂದು ದಿನ ನಿಲ್ಲುತ್ತದೆ. ಸ್ವಿಟ್ಜರ್‌ಲ್ಯಾಂಡಿನ ಕ್ರೆಡಿಟ್ ಸ್ವಿಸ್ ಬ್ಯಾಂಕ್ 2024ರ ಮೇ 31ರಂದು ಅಲ್ಲಿನದೇ ಯುಬಿಎಸ್ ಬ್ಯಾಂಕಿನಲ್ಲಿ ವಿಲೀನವಾಯಿತು. ಆದರೆ ಗ್ರಾಹಕರ ಖಾತೆಗಳನ್ನು ಹಂತ ಹಂತವಾಗಿ ವರ್ಗಾಯಿಸಿದರು. ಹೀಗಾದಾಗ ಒಂದೇ ಬ್ಯಾಂಕಿನ ಇಬ್ಬರು ಗ್ರಾಹಕರಿಗೆ ಕೋಡ್ ಬದಲಾಗುವ ದಿನ ಬೇರೆ ಬೇರೆ ಇರಬಹುದು. ಪಡೆಯುವವರಿಗೆ ಅವರ ಬ್ಯಾಂಕಿನಿಂದ ಬಂದಿರುವ ಕಾಗದದ ಪ್ರತಿ ತರಿಸಿಕೊಳ್ಳಿ. ಕೋಡ್ ಜೊತೆ ಖಾತೆ ಸಂಖ್ಯೆ ಅಥವಾ ಐಬಾನ್ ಕೂಡ ಬದಲಾಗಿದೆಯಾ ಅಂತ ನೋಡಿ. ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ ಉಳಿಸಿಟ್ಟ ಹಳೇ ಹೆಸರನ್ನು ತಿದ್ದುವುದಕ್ಕಿಂತ ಅಳಿಸಿ ಹೊಸದಾಗಿ ಸೇರಿಸಿ. ದೊಡ್ಡ ಮೊತ್ತ ಇದ್ದರೆ ಮೊದಲು ಒಂದು ಸಣ್ಣ ಮೊತ್ತ ಕಳಿಸಿ, ಮುಟ್ಟಿತು ಅಂತ ಅವರಿಂದ ಕೇಳಿಕೊಂಡ ಮೇಲೆ ಉಳಿದದ್ದನ್ನು ಕಳಿಸಿ.